ಮನೆಯೊಳಗಿನ ನ್ಯಾಯಕ್ಕಾಗಿ ದುಡಿದ ಮಂಗಳೂರಿಗ: ಸರ್ ಬೆನೆಗಲ್ ನರಸಿಂಗ ರಾವ್

ರಾಜ್ಯೋತ್ಸವದ ಶುಭಸಂದರ್ಭದಲ್ಲಿ ನಾಡಿನ ಕವಿಗಳನ್ನೂ ಅರಸರನ್ನೂ ಸ್ಮರಿಸುವುದು ವಾಡಿಕೆ. ಅವರೊಡನೆ, ಕಾಯಿದೆ ಬರೆಯುವುದರಲ್ಲೇ ಬಾಳು ಸವೆಸಿದ ಮಹನೀಯರೊಬ್ಬರನ್ನೂ ನೆನೆಯಬೇಕೆಂಬುದು ನನ್ನ ಆಸೆ. ನಾನು ವಕೀಲನಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಗಂಡನನ್ನು ಕಳೆದುಕೊಂಡ ತಾಯಂದಿರೂ, ತೀರಿಕೊಂಡ ತಂದೆಯ ಠೇವಣಿಯಲ್ಲಿ ತಮಗೂ ಪಾಲುಂಟೇ ಎಂದು ಅಳುಕುತ್ತ ಕೇಳುವ ಹೆಣ್ಣುಮಕ್ಕಳೂ ನನ್ನ ಮೇಜಿನ ಮುಂದೆ ಬಂದು ಕೂರುವುದುಂಟು. ಅವರಿಗೆ ಇಂದು ಉಂಟಮ್ಮಾ ಎಂದು ಹೇಳಲು ಸಾಧ್ಯವಾಗಿರುವುದರ ಹಿಂದೆ ಸರ್ ಬೆನೆಗಲ್ ನರಸಿಂಗ ರಾಯರ ದುಡಿಮೆಯಿದೆ.

ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಬೆನೆಗಲ್ ರಾಘವೇಂದ್ರ ರಾಯರು ಹೆಸರಾಂತ ವೈದ್ಯರು. ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬಾಲಕ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದರಾಸು ಪ್ರಾಂತಕ್ಕೇ ಮೊದಲಿಗನಾದನು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜಿನ ಟ್ರಿನಿಟಿ ಕಾಲೇಜುಗಳಲ್ಲಿ ಕಲಿತು, ಐ.ಸಿ.ಎಸ್. ಸೇರಿ ಬಂಗಾಳಕ್ಕೆ ಬಂದರು. ನಮ್ಮ ಹಾಗೆಯೇ ಅವರೂ ಉದ್ಯೋಗಕ್ಕಾಗಿ ಹುಟ್ಟಿದೂರನ್ನು ಬಿಟ್ಟವರು. ತಮ್ಮಂದಿರೂ ಸಾಮಾನ್ಯರಲ್ಲ. ಬೆನೆಗಲ್ ರಾಮ ರಾಯರು 1949ರಿಂದ 1957ರವರೆಗೆ ಇದೇ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಬಿ. ಶಿವರಾಯರು ಪತ್ರಕರ್ತರು, ಕಾರ್ಮಿಕರ ಮುಂದಾಳು.

ಬಂಗಾಳ, ಅಸ್ಸಾಮುಗಳಲ್ಲಿ ಸೇವೆ ಸಲ್ಲಿಸಿದ ರಾಯರಿಗೆ, 1935ರ ಭಾರತ ಸರ್ಕಾರ ಕಾಯಿದೆಗೆ ದೇಶದ ಕಾನೂನುಗಳನ್ನೆಲ್ಲ ಹೊಂದಿಸಿಕೊಡುವ ಭಾರ ಬಿತ್ತು. 1938ರಲ್ಲಿ ಸರ್ ಪದವಿ ದೊರಕಿತು. ಮರುವರ್ಷ ಕಲಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾದರು.

ಆಗ ಹಿಂದೂ ಮನೆಗಳ ಕಾನೂನು ಊರಿಗೊಂದಾಗಿತ್ತು. ಬಂಗಾಳದಲ್ಲಿ ದಾಯಭಾಗ, ಉಳಿದೆಡೆ ಮಿತಾಕ್ಷರ. ಗುಜರಾತಿನಲ್ಲಿಯೂ, ಮುಂಬಯಿ ದ್ವೀಪದಲ್ಲಿಯೂ, ನಮ್ಮ ದಹಿಸರ್ ಸೇರಿದಂತೆ ಉತ್ತರ ಕೊಂಕಣದಲ್ಲಿಯೂ ಮಯೂಖದ ಮಾತೇ ಮೇಲು. ದಕ್ಷಿಣ ಕನ್ನಡದ ಅನೇಕ ಮನೆಗಳಲ್ಲಿ ಅಳಿಯಸಂತಾನ. ವಲಸೆ ಬಂದ ಕುಟುಂಬವು ತನ್ನ ಊರಿನ ಕಾನೂನನ್ನೇ ಹೊತ್ತು ತಂದಿದೆಯೆಂದು ನ್ಯಾಯಾಲಯಗಳು ಭಾವಿಸುತ್ತಿದ್ದವು. ಹೀಗಾಗಿ ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿ ಬಾಳುವ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ತಂದೆಯಿಂದ ಬಂದ ಆಸ್ತಿ ಪೂರ್ತಿ ತನ್ನದು; ಇನ್ನೊಬ್ಬಳಿಗೆ ಅದು ಜೀವವಿರುವಷ್ಟು ದಿನ ಮಾತ್ರ. ಅದೂ ಗಂಡುಮಕ್ಕಳಿಲ್ಲದಿದ್ದರೆ! ಗಂಡಸು ಒಬ್ಬಳಿರಲು ಮತ್ತೊಬ್ಬಳನ್ನು ಕಟ್ಟಿಕೊಳ್ಳಬಹುದಿತ್ತು. ಹಿಂಸೆ ಪಡುತ್ತಿದ್ದ ಹೆಣ್ಣಿಗೆ, ಜಾತಿಯ ರೂಢಿ ಒಪ್ಪದಿದ್ದರೆ, ಬಿಡುಗಡೆಯ ದಾರಿಯೇ ಇರಲಿಲ್ಲ.

ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದಿತ್ತು. ಮುಂಬಯಿಯ ಡಾಕ್ಟರ್ ಜಿ.ವಿ. ದೇಶಮುಖರ ಪ್ರಯತ್ನದಿಂದ 1937ರಲ್ಲಿ ವಿಧವೆಯರಿಗೆ ಪಾಲು ಕೊಡುವ ಕಾಯಿದೆ ಬಂದಿತು. ಆದರೆ ಅದು ಹೆಣ್ಣುಮಕ್ಕಳನ್ನು ಮರೆತಿತ್ತು. ವ್ಯವಸಾಯದ ಭೂಮಿಗೂ ತಾಗುತ್ತಿರಲಿಲ್ಲ. ಈ ತೊಡಕುಗಳನ್ನು ಬಿಡಿಸಲು 1941ರಲ್ಲಿ ಸರ್ಕಾರ ರಾಯರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಹರಿದ ಬಟ್ಟೆಗೆ ತೇಪೆ ಹಾಕುವುದರಿಂದ ಫಲವಿಲ್ಲ, ಹೊಸದಾಗಿ ಒಂದೇ ಸಂಹಿತೆ ನೇಯಬೇಕೆಂದು ಸಮಿತಿ ತಿಳಿಸಿತು.

1944ರಲ್ಲಿ ಮತ್ತೆ ಸೇರಿದ ಸಮಿತಿಯು ಕರಡು ಸಿದ್ಧಪಡಿಸಿ, ದೇಶಭಾಷೆಗಳಿಗೂ ಅನುವಾದಿಸಿ ಹಂಚಿತು. ರಾಯರೂ ಸಹಸದಸ್ಯರೂ ಮುಂಬಯಿ, ಪುಣೆ, ಮದರಾಸು, ಲಾಹೋರ್ ಮುಂತಾದ ಊರುಗಳಿಗೆ ಹೋಗಿ ಸಾಕ್ಷ್ಯ ಕೇಳಿದರು. ಶಾಸ್ತ್ರಿಗಳು, ವಕೀಲರು, ಮಹಿಳಾ ಸಂಘದವರು ಎಲ್ಲರಿಗೂ ಅವಕಾಶವಿತ್ತು. ಕೆಲವೆಡೆ ಕಪ್ಪು ಬಾವುಟದ ಸ್ವಾಗತವೂ ಆಯಿತು. ಸಮಿತಿಯ ಸದಸ್ಯರೇ ಆದ ದ್ವಾರಕಾನಾಥ ಮಿತ್ತರರು ಭಿನ್ನಮತ ಬರೆದರು. ಆದರೂ 1947ರ ವರದಿಯಲ್ಲಿ ಏಕಪತ್ನೀತ್ವ, ನಿರ್ದಿಷ್ಟ ಕಾರಣಗಳಿದ್ದರೆ ವಿಚ್ಛೇದನ, ವಿಧವೆಗೆ ಪೂರ್ಣ ಒಡೆತನ, ಮಗಳಿಗೆ ಮಗನ ಪಾಲಿನ ಅರ್ಧ, ಇವೆಲ್ಲ ಉಳಿದವು. ಈ ನಡುವೆ ಮುಂಬಯಿ ಪ್ರಾಂತವು 1946ರಲ್ಲಿ ದ್ವಿಪತ್ನೀತ್ವವನ್ನು ನಿಷೇಧಿಸಿ, 1947ರಲ್ಲಿ ಹಿಂದೂಗಳಿಗೆ ವಿಚ್ಛೇದನದ ಕಾಯಿದೆ ಕೊಟ್ಟಿತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಈ ಪ್ರಾಂತದಲ್ಲಿದ್ದುದರಿಂದ ಅಲ್ಲಿನ ಕನ್ನಡಿತಿಯರಿಗೂ ಅದರ ಫಲ ದೊರಕಿತು.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಈ ಸೇವೆಗೆ ಅವರು ವೇತನ ಪಡೆಯಲಿಲ್ಲ. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ 243 ವಿಧಿಗಳ ಕರಡೇ ಡಾಕ್ಟರ್ ಅಂಬೇಡ್ಕರರ ಸಮಿತಿಯ ಕೆಲಸಕ್ಕೆ ತಳಹದಿಯಾಯಿತು. ಬರ್ಮಾ ದೇಶದ ಸಂವಿಧಾನಕ್ಕೂ ನೆರವಾದರು. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದು, 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜೂರಿಚ್‌ನಲ್ಲಿ ಕಾಲವಾದರು.

ಅವರ ಹಿಂದೂ ಸಂಹಿತೆ ಆಗಿನ್ನೂ ಕಾಯಿದೆಯಾಗಿರಲಿಲ್ಲ. ಅದು ಮುಂದೆ ಸಾಗದಿದ್ದುದೂ ಒಂದು ಕಾರಣವಾಗಿ ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟಿದ್ದರು. 1955ರಲ್ಲಿ ವಿವಾಹ ಕಾಯಿದೆಯೂ, 1956ರಲ್ಲಿ ಉತ್ತರಾಧಿಕಾರ ಕಾಯಿದೆಯೂ ಬಂದಾಗ, ರಾಯರು ಅರ್ಧವೆಂದಿದ್ದ ಕಡೆ ಮಗಳಿಗೆ ತಂದೆಯ ಸ್ವಂತ ಆಸ್ತಿಯಲ್ಲಿ ಸಮಪಾಲೇ ದೊರಕಿತು. ಕನ್ನಡನಾಡು ಒಂದಾದುದೂ ಅದೇ 1956ರಲ್ಲಿ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು ಕರ್ನಾಟಕವೂ ಮಹಾರಾಷ್ಟ್ರವೂ 1994ರಲ್ಲಿ, ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಕೊಟ್ಟವು. 2005ರ ತಿದ್ದುಪಡಿ ಅದನ್ನು ಮದುವೆಯಾದವರಿಗೂ ಕೊಟ್ಟಿತು.

ಬಂಧುಗಳೇ, ಕಾಯಿದೆ ಬಂದಿತು. ಅದು ನಮ್ಮ ಮನೆಯ ಹೊಸಿಲು ದಾಟಿತೇ? ಮೇ ತಿಂಗಳ ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋದ ಹೆಣ್ಣುಮಗಳ ಮುಂದೆ, ಊಟದ ಎಲೆ ಎತ್ತುವ ಮೊದಲೇ ಹಕ್ಕು ಬಿಟ್ಟುಕೊಡುವ ಪತ್ರವನ್ನು ಅಣ್ಣ ಇಡುವುದುಂಟು. ತವರು ತಪ್ಪೀತೆಂಬ ಅಂಜಿಕೆಯಿಂದ ಆಕೆ ಓದದೆಯೇ ರುಜು ಹಾಕುವುದೂ ಉಂಟು. ನನ್ನ ಅಕ್ಕನೂ ಹಾಗೆಯೇ ಹಾಕಿದಳು. ಕಾಗದವನ್ನು ಮುಂದಿಟ್ಟವರಲ್ಲಿ ನಾನೂ ಒಬ್ಬನಿದ್ದೆ. ಮನಸಾರೆ ಬಿಟ್ಟುಕೊಡುವುದು ಆಕೆಯ ಇಷ್ಟ; ತನಗೇನು ಹಕ್ಕುಂಟೆಂದು ತಿಳಿಯದೆ ಬಿಡುವಂತೆ ಮಾಡುವುದು ನಮ್ಮ ತಪ್ಪು. ಈ ರಾಜ್ಯೋತ್ಸವದಂದು ರಾಯರ ಚಿತ್ರಕ್ಕೆ ಹಾರ ಹಾಕದಿದ್ದರೂ ಚಿಂತೆಯಿಲ್ಲ. ಮುಂದಿನ ಸಲ ಅಂಥ ಕಾಗದ ಬಂದಾಗ ಅಕ್ಕತಂಗಿಯರಿಗೆ ಅದನ್ನು ಪೂರ್ತಿ ಓದಿ ಹೇಳೋಣ, ಯೋಚಿಸಲು ನಾಲ್ಕು ದಿನ ಕೊಡೋಣ. ಆ ಹಿರಿಯರಿಗೆ ಅದಕ್ಕಿಂತ ಮಿಗಿಲಾದ ಗೌರವವಿಲ್ಲ.