ಗೆಲಿಲಿಯೋ ಎಂಬ ಶಾಸ್ತ್ರಜ್ಞನ ಜೀವಿತ

ಹಂಪೆಯ ಮಾತಂಗ ಪರ್ವತವನ್ನು ಹತ್ತಿದ ಪ್ರಿಯ ವಾಚಕರು ಕೆಳಗೆ ಹರಡಿರುವ ಪಾಳು ಪಟ್ಟಣವನ್ನು ನೋಡಿರುವರು. ಅದು 1565ರಲ್ಲಿ ಹಾಳಾಯಿತು. ಅದಕ್ಕೆ ಹಿಂದಿನ ವರ್ಷ, 1564ರ ಫೆಬ್ರವರಿ 15ರಲ್ಲಿ, ಇಟಲಿ ದೇಶದ ಪೀಸಾ ಎಂಬ ಊರಿನಲ್ಲಿ ಒಬ್ಬ ಸಂಗೀತಗಾರನಿಗೆ ಗೆಲಿಲಿಯೋ ಎಂಬ ಮಗನು ಹುಟ್ಟಿದನು.

ತಂದೆಯು ಅವನನ್ನು ವೈದ್ಯನನ್ನಾಗಿ ಮಾಡಬೇಕೆಂದಿದ್ದನು. ಮಗನ ಮನಸ್ಸಾದರೋ ಗಣಿತದಲ್ಲಿ ನೆಟ್ಟಿತು. 1589ರಿಂದ ಪೀಸಾದಲ್ಲಿಯೂ 1592ರಿಂದ ಪಾದುವಾದಲ್ಲಿಯೂ ಅವನು ಗಣಿತವನ್ನು ಕಲಿಸಿದನು. ಭಾರವಾದ ವಸ್ತುವು ಹಗುರವಾದದ್ದಕ್ಕಿಂತ ಬೇಗ ಬೀಳುವದೆಂಬ ಪೂರ್ವಿಕರ ಮಾತನ್ನು ಆಗಿನ ಅನೇಕ ಪಂಡಿತರು ನಂಬಿದ್ದರು. ಗೆಲಿಲಿಯೋ ಓರೆಯಾದ ಹಲಗೆಯ ಮೇಲೆ ಕಂಚಿನ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದನು.

ಬೀಳುವ ವಸ್ತುವಿನ ವೇಗವು ಸಮವಾದ ಕಾಲದಲ್ಲಿ ಸಮವಾಗಿ ಹೆಚ್ಚುವದೆಂದು ಅವನು ಕಂಡನು. ಈಗಿನ ಲೆಕ್ಕದಂತೆ ಆ ಹೆಚ್ಚಳವು ಸೆಕೆಂಡು ಸೆಕೆಂಡಿಗೂ ಸುಮಾರು 32 ಅಡಿ. ಸಂಡೂರಿನ ಬೆಟ್ಟದ ಅಂಚಿನಿಂದ ಕಲ್ಲನ್ನು ಸುಮ್ಮನೆ ಕೈಬಿಟ್ಟರೆ ಅದು ಎರಡು ಸೆಕೆಂಡಿನಲ್ಲಿ 64 ಅಡಿ ಇಳಿಯುವದು. ಅದನ್ನೇ ಸೆಕೆಂಡಿಗೆ 10 ಅಡಿಯ ವೇಗದಿಂದ ಕೆಳಕ್ಕೆ ಎಸೆದರೆ 84 ಅಡಿ ಇಳಿಯುವದು. ಮೊದಲು ಕೊಟ್ಟ ವೇಗವು ಕಡೆಯ ವರೆಗೂ ಕೂಡಿಕೊಂಡಿರುವದು. ಆದರೆ 32 ಅಡಿಯ ಹೆಚ್ಚಳವು ಬದಲಾಗದು. ಮೇಲಕ್ಕೆ ಎಸೆದ ಕಲ್ಲಿನ ವೇಗವು ಅದೇ ಪ್ರಮಾಣದಲ್ಲಿ ಕುಂದಿ, ಕ್ಷಣಮಾತ್ರ ನಿಂತು, ಕಲ್ಲು ಹಿಂದಿರುಗುವದು. ನೆಲಕ್ಕೆ ಸಮವಾಗಿ ಅಡ್ಡಲಾಗಿ ಎಸೆದ ಕಲ್ಲು ದೂರ ಹೋದರೂ, ಅದೇ ಎತ್ತರದಿಂದ ಕೈಬಿಟ್ಟ ಕಲ್ಲಿನೊಡನೆ ಒಂದೇ ಸಮಯಕ್ಕೆ ಬಯಲನ್ನು ಮುಟ್ಟುವದು. ಕಂಪ್ಲಿಯ ಗದ್ದೆಗಳಲ್ಲಿ ಪಂಪಿನ ಕೊಳವೆಯಿಂದ ಧುಮುಕುವ ನೀರು ಬಾಗಿ ಬೀಳುವದೂ ಇದರಿಂದಲೇ. ಇವೆಲ್ಲಾ ಗಾಳಿಯ ತಡೆಯನ್ನು ಬಿಟ್ಟು ಹೇಳಿದ ಲೆಕ್ಕ.

1610ರಲ್ಲಿ ಅವನು ದೂರದರ್ಶಕದಿಂದ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡನು. ಭೂಮಿಯು ಸೂರ್ಯನನ್ನು ಸುತ್ತುವದೆಂದು ಬರೆದುದರಿಂದ 1633ರಲ್ಲಿ ರೋಮಿನ ಸಭೆಯ ನ್ಯಾಯಾಧಿಪತಿಗಳು ಅವನಿಗೆ ತೀರ್ಪುಕೊಟ್ಟರು. ಅರುವತ್ತೊಂಬತ್ತು ವರುಷದ ಮುದುಕನು ಮೊಣಕಾಲೂರಿ ತನ್ನ ಮಾತನ್ನು ಅಲ್ಲಗಳೆದನು. ಈ ಬಲಹೀನತೆಯನ್ನು ನಾವು ಮುಚ್ಚಿಡುವದಿಲ್ಲ. ಅವನನ್ನು ಕಠಿಣವಾಗಿ ತೂಗಲೂ ನಮಗೆ ಮನಸ್ಸಿಲ್ಲ.

ಮುಂದೆ ಅವನು ಸಾಯುವ ತನಕ ಗೃಹಬಂಧನದಲ್ಲಿದ್ದನು. 1634ರಲ್ಲಿ ಅವನ ಪ್ರಿಯ ಮಗಳು ತೀರಿಹೋದಳು. ತರುವಾಯ ಕಣ್ಣುಗಳ ದೃಷ್ಟಿಯೂ ಕುಂದುತ್ತಾ ಬಂದಿತು. ಆದರೂ ಅವನು ಕೈಕಟ್ಟಿ ಕೂಡದೆ, ಯೌವನದಿಂದ ಶೋಧಿಸಿದ ಚಲನೆಯ ನಿಯಮಗಳನ್ನು ಗ್ರಂಥವಾಗಿ ಬರೆದು ಮುಗಿಸಿದನು. ಅದು ರೋಮಿನ ಅಧಿಕಾರ ಮುಟ್ಟದ ಹಾಲೆಂಡ್ ದೇಶದ ಲೈಡನ್ನಿನಲ್ಲಿ 1638ರಲ್ಲಿ ಅಚ್ಚಾಯಿತು. 1642ರ ಜನವರಿ 8ರಲ್ಲಿ ಅವನು ಮೃತನಾದನು. ಆ ನ್ಯಾಯಾಧಿಪತಿಗಳು ತಪ್ಪಿದರೆಂದು 1992ರಲ್ಲಿ ರೋಮಿನ ಪೋಪನೇ ಒಪ್ಪಿಕೊಂಡನು.

ಬಾಯಿಂದ ಅಲ್ಲಗಳೆದದ್ದನ್ನು ಅವನ ಕೈಗಳು ಬಿಡಲಿಲ್ಲ. ಕೇಳಿದ್ದನ್ನೆಲ್ಲಾ ನಂಬದೆ ಅಳೆದು ನೋಡುವದನ್ನು ನಾವೂ ನಮ್ಮ ಮಕ್ಕಳಿಗೆ ಕಲಿಸೋಣ.