ಹೆನ್ರಿಯೆಟಾ ಲ್ಯಾಕ್ಸ್ ಯಾರು? ಎಚ್‌ಪಿವಿ ಲಸಿಕೆಗೂ ಅವರಿಗೂ ಏನು ಸಂಬಂಧ?

ನಮ್ಮ ದೊಡ್ಡಮ್ಮನ ಮಗಳು ತನ್ನ ಹದಿಮೂರರ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸೋಣವೆಂದು ವಿಚಾರಿಸುತ್ತಿದ್ದಳು. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತ ಕಪ್ಪು ಹೆಂಗಸೊಬ್ಬರ ಹಳೆಯ ಫೋಟೋ, ಕೆಳಗೆ ಮೂರು ಮಾತು. ಈಕೆಯ ಜೀವಕೋಶಗಳನ್ನು ಅಮೆರಿಕದ ವೈದ್ಯರು ಕೇಳದೆ ತೆಗೆದುಕೊಂಡರು. ಅದೇ ಕ್ಯಾನ್ಸರ್ ಕೋಶ ಈ ಲಸಿಕೆಯಲ್ಲಿದೆ. ಹಾಕಿಸಿಕೊಂಡ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲ.

ಮೊದಲ ಮಾತು ನಿಜ, ಉಳಿದೆರಡು ಸುಳ್ಳು. ಒಂದು ನಿಜ ಸೇರಿರುವುದರಿಂದಲೇ ಇಂಥ ಮೆಸೇಜ್ ಇಷ್ಟು ದೂರ ಓಡುತ್ತದೆ. ಹಾಗಾಗಿ ಆ ಫೋಟೋದಲ್ಲಿರುವವರ ಕಥೆಯನ್ನು ಪೂರ್ತಿ ಓದಿ.

ಹೆನ್ರಿಯೆಟಾ ಲ್ಯಾಕ್ಸ್ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. ನಾಲ್ಕು ವರ್ಷದವರಿದ್ದಾಗ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ಮಕ್ಕಳನ್ನು ನೆಂಟರು ಹಂಚಿಕೊಂಡು ಸಾಕಿದರು. ಹೆನ್ರಿಯೆಟಾ ಕ್ಲೋವರ್ ಎಂಬ ಹಳ್ಳಿಯಲ್ಲಿ ಅಜ್ಜನ ಮನೆ ಸೇರಿದರು. ಆ ಮನೆ ಒಂದು ಕಾಲಕ್ಕೆ ಗುಲಾಮರು ವಾಸವಿದ್ದ ಮರದ ಗುಡಿಸಲು. ಅಲ್ಲಿ ತಂಬಾಕು ಹೊಲದಲ್ಲಿ ದುಡಿಯುತ್ತಾ ಬೆಳೆದರು. ಅದೇ ಮನೆಯಲ್ಲಿ ಬೆಳೆದ ಸಂಬಂಧಿ ಡೇವಿಡ್ ಅವರನ್ನು 1941ರಲ್ಲಿ ಮದುವೆಯಾದರು. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಸಂಸಾರ ಬಾಲ್ಟಿಮೋರ್ ಪಕ್ಕದ ಟರ್ನರ್ ಸ್ಟೇಷನ್‌ಗೆ ಬಂತು. ಐದು ಮಕ್ಕಳಾದವು.

ಹೊಟ್ಟೆಯೊಳಗೆ ಏನೋ ಗಂಟು ಇದ್ದ ಹಾಗಿದೆ ಎಂದು ಹೆನ್ರಿಯೆಟಾ ತನ್ನ ಓರಗೆಯ ನೆಂಟರ ಹತ್ತಿರ ಹೇಳಿಕೊಂಡಿದ್ದರು. ಆಸ್ಪತ್ರೆಗೆ ತಕ್ಷಣ ಹೋಗಲಿಲ್ಲ. ಐದನೆಯ ಹೆರಿಗೆಯಾಗಿ ಕೆಲವು ತಿಂಗಳ ಮೇಲೆ, ಮುಟ್ಟಿನ ಸಮಯವಲ್ಲದಾಗಲೂ ರಕ್ತ ಹೋಗತೊಡಗಿದಾಗ, 1951ರ ಆರಂಭದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದರು. ಆ ಭಾಗದಲ್ಲಿ ಕಪ್ಪು ಜನರಿಗೆ ಚಿಕಿತ್ಸೆ ಕೊಡುತ್ತಿದ್ದ ದೊಡ್ಡ ಆಸ್ಪತ್ರೆ ಅದೊಂದೇ ಅನ್ನಬೇಕು. ಅಲ್ಲಿಯೂ ಅವರಿಗೆ ವಾರ್ಡ್ ಬೇರೆ. ವೈದ್ಯ ಹೊವಾರ್ಡ್ ಜೋನ್ಸ್ ಪರೀಕ್ಷಿಸಿದರು. ಗರ್ಭಕಂಠದಲ್ಲಿ, ಅಂದರೆ ಗರ್ಭಕೋಶದ ಬಾಯಿಯಲ್ಲಿ, ಗಡ್ಡೆ ಇತ್ತು. ಅದು ಕ್ಯಾನ್ಸರ್.

ಆ ಕಾಲದ ಚಿಕಿತ್ಸೆ ರೇಡಿಯಂ. ಹೆನ್ರಿಯೆಟಾಗೆ ಅರಿವಳಿಕೆ ಕೊಟ್ಟಿದ್ದಾಗ, ರೇಡಿಯಂ ಕೊಳವೆಗಳನ್ನು ಒಳಗೆ ಹೊಲಿದು ಕೂರಿಸುವ ಮೊದಲು, ಗಡ್ಡೆಯಿಂದ ಒಂದು ಚೂರು, ಪಕ್ಕದ ಆರೋಗ್ಯವಂತ ಭಾಗದಿಂದ ಒಂದು ಚೂರು ಕತ್ತರಿಸಿ ತೆಗೆದರು. ಅವು ಜಾರ್ಜ್ ಗೈ ಎಂಬ ವಿಜ್ಞಾನಿಯ ಲ್ಯಾಬಿಗೆ ಹೋದವು. ಹೆನ್ರಿಯೆಟಾ ಅವರನ್ನು ಯಾರೂ ಕೇಳಲಿಲ್ಲ, ಆಮೇಲೆ ಹೇಳಲೂ ಇಲ್ಲ. ಆಗ ಹಾಗೆ ಕೇಳುವ ರೂಢಿ ಇರಲಿಲ್ಲ ಎಂಬುದು ನಿಜ. ಆದರೆ ರೂಢಿ ಇರಲಿಲ್ಲ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ ಅಂತ ನನಗನ್ನಿಸುತ್ತದೆ.

ಇನ್ನೊಂದು ವಿಷಯವನ್ನೂ ಅವರಿಗೆ ಮುಂಚೆ ಹೇಳಿರಲಿಲ್ಲ. ಈ ಚಿಕಿತ್ಸೆಯ ನಂತರ ಮಕ್ಕಳಾಗುವುದಿಲ್ಲ ಎಂಬುದು ಅವರಿಗೆ ತಿಳಿದದ್ದು ಚಿಕಿತ್ಸೆ ಆದ ಮೇಲೆ. ಮೊದಲೇ ಗೊತ್ತಿದ್ದರೆ ಒಪ್ಪುತ್ತಲೇ ಇರಲಿಲ್ಲ ಎಂದು ಆಕೆ ಹೇಳಿದ್ದು ಆಸ್ಪತ್ರೆಯ ದಾಖಲೆಯಲ್ಲೇ ಇದೆ. ಫಾರ್ವರ್ಡಿನ ಮೂರನೆಯ ಮಾತನ್ನು ಇದರ ಪಕ್ಕ ಇಟ್ಟು ನೋಡಿ. ಲಸಿಕೆಯಿಂದ ಬಂಜೆತನ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಮಕ್ಕಳಾಗುವ ಅವಕಾಶವನ್ನು ಕಿತ್ತುಕೊಳ್ಳುವುದು ಈ ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ. ಗರ್ಭಕೋಶ ತೆಗೆದರೂ, ಅಲ್ಲಿಗೆ ರೇಡಿಯೇಷನ್ ಕೊಟ್ಟರೂ ಇವತ್ತಿಗೂ ಆಗುವುದು ಅದೇ.

ಚಿಕಿತ್ಸೆ ಫಲಿಸಲಿಲ್ಲ. ಗಡ್ಡೆಗಳು ದೇಹದ ತುಂಬ ಹರಡಿದವು. 1951ರ ಅಕ್ಟೋಬರ್ 4ರಂದು ಹೆನ್ರಿಯೆಟಾ ತೀರಿಕೊಂಡರು. ವಯಸ್ಸು 31. ಶವಪರೀಕ್ಷೆಯ ಹೊತ್ತಿನಲ್ಲಿ ಗೈ ಲ್ಯಾಬಿನ ಸಹಾಯಕಿಯ ಕಣ್ಣಿಗೆ ಬಿದ್ದದ್ದು ಕಾಲಿನ ಉಗುರುಗಳಿಗೆ ಹಚ್ಚಿದ್ದ ಕೆಂಪು ಬಣ್ಣ. ತಾವು ಬೆಳೆಸುತ್ತಿದ್ದ ಕೋಶಗಳು ಒಬ್ಬ ಬದುಕಿದ್ದ ಹೆಂಗಸಿನವು ಎಂದು ಆಕೆಗೆ ಅರಿವಾದದ್ದು ಆಗ. ಕ್ಲೋವರ್‌ನಲ್ಲಿ ಅವರನ್ನು ಮಣ್ಣು ಮಾಡಿದ ಜಾಗದಲ್ಲಿ 2010ರವರೆಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ.

ಕೋಶಗಳು ಮಾತ್ರ ಸಾಯಲಿಲ್ಲ. ಅದಕ್ಕೂ ಮೊದಲು ಲ್ಯಾಬಿನಲ್ಲಿ ಇಟ್ಟ ಮನುಷ್ಯರ ಕೋಶಗಳು ಬೇಗ ಸತ್ತುಹೋಗುತ್ತಿದ್ದವು. ಇವು ದಿನಕ್ಕೆ ಎರಡರಷ್ಟಾಗುತ್ತಾ ಬೆಳೆದವು. ಹೆನ್ರಿಯೆಟಾ ಮತ್ತು ಲ್ಯಾಕ್ಸ್ ಎರಡೂ ಹೆಸರುಗಳ ಮೊದಲ ಅಕ್ಷರ ಸೇರಿಸಿ ಹೀಲಾ ಎಂದು ಕರೆದರು. ಪೋಲಿಯೋ ಲಸಿಕೆಯನ್ನು ಪರೀಕ್ಷಿಸಲು ಟಸ್ಕೀಗಿಯಲ್ಲಿ ಈ ಕೋಶಗಳನ್ನು ರಾಶಿರಾಶಿ ಬೆಳೆಸಿದರು. ಜಗತ್ತಿನ ಲ್ಯಾಬುಗಳಿಗೆಲ್ಲ ಅವು ಹೋದವು, ಮಾರಾಟವೂ ಆದವು. ಪತ್ರಿಕೆಗಳಲ್ಲಿ ಆಕೆಯ ಹೆಸರು ಬಹುಕಾಲ ಹೆಲೆನ್ ಲೇನ್ ಎಂದು ತಪ್ಪಾಗಿಯೇ ಬಂತು.

ಮನೆಯವರಿಗೆ ವಿಷಯ ಗೊತ್ತಾಗಿದ್ದು 1973ರ ಸುಮಾರಿಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ. ಸಂಶೋಧಕರು ಬಂದು ಮಕ್ಕಳ ರಕ್ತ ತೆಗೆದುಕೊಂಡು ಹೋದರು. ತಾಯಿ ಸತ್ತಾಗ ಮಗಳು ಡೆಬೊರಾಗೆ ಇನ್ನೂ ಎರಡು ತುಂಬಿರಲಿಲ್ಲ. ಅಮ್ಮನಿಗೆ ಬಂದ ಕಾಯಿಲೆ ತನಗೂ ಬಂದಿದೆಯೇ ಎಂದು ನೋಡಲು ರಕ್ತ ತೆಗೆದಿದ್ದಾರೆ ಎಂದುಕೊಂಡು ಆಕೆ ಫಲಿತಾಂಶಕ್ಕೆ ಕಾದರು. ವಾಸ್ತವದಲ್ಲಿ ಅದು ಹೀಲಾ ಕೋಶಗಳನ್ನು ಗುರುತಿಸುವ ಸಂಶೋಧನೆಗಾಗಿ ತೆಗೆದ ರಕ್ತ. ಅಮ್ಮ ಸತ್ತ ವಯಸ್ಸಿಗೇ ತಾನೂ ಸಾಯುತ್ತೇನೆಂಬ ಭಯದಲ್ಲಿ ಆಕೆ ಬದುಕಿದರು. ಕೂತು ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳುವವರು ಯಾರೂ ಸಿಗಲಿಲ್ಲ.

ಆಕೆಯ ಭಯಕ್ಕೆ ಒಂದು ಉತ್ತರ ಹೊರಬಿದ್ದದ್ದು 1984ರಲ್ಲಿ, ಅದೂ ಅಮ್ಮನ ಕೋಶಗಳಿಂದಲೇ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ತ್ಸುರ್ ಹೌಸೆನ್ ಅವರ ತಂಡ ಎಚ್‌ಪಿವಿ ಎಂಬ ವೈರಸ್‌ನ 18ನೇ ಬಗೆಯನ್ನು ಪತ್ತೆ ಮಾಡಿತು. ಹೀಲಾ ಕೋಶಗಳಲ್ಲಿ ಹುಡುಕಿದಾಗ ಆ ವೈರಸ್‌ನ ಡಿಎನ್‌ಎ ಅಲ್ಲಿಯೂ ಇತ್ತು. ಅಂದರೆ ಹೆನ್ರಿಯೆಟಾಗೆ ಕ್ಯಾನ್ಸರ್ ಬಂದದ್ದು ವಂಶದಿಂದಲ್ಲ, ಲೈಂಗಿಕ ಸಂಪರ್ಕದಿಂದ ಹರಡುವ ಒಂದು ಸೋಂಕಿನಿಂದ. ಈ ಸೋಂಕು ತುಂಬಾ ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿದು ಕ್ಯಾನ್ಸರ್ ಆಗುತ್ತದೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಪ್ರಕರಣಗಳಿಗೆ 16 ಮತ್ತು 18 ಎಂಬ ಎರಡೇ ಬಗೆಗಳು ಕಾರಣ. ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಈಗ ಫಾರ್ವರ್ಡಿನ ಎರಡನೆಯ ಮಾತಿಗೆ ಬರೋಣ. 2006ರಲ್ಲಿ ಮೊದಲ ಎಚ್‌ಪಿವಿ ಲಸಿಕೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಹೀಲಾ ಕೋಶ ಇಲ್ಲ, ಜೀವಂತ ವೈರಸ್ ಕೂಡ ಇಲ್ಲ. ವೈರಸ್‌ನ ಹೊರಗವಚದ ಪ್ರೋಟೀನನ್ನು ಮಾತ್ರ ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಆ ಪ್ರೋಟೀನುಗಳು ಕೂಡಿಕೊಂಡು ನೋಡಲು ವೈರಸ್‌ನಂತೆಯೇ ಇರುವ, ಒಳಗೆ ಏನೂ ಇಲ್ಲದ ಚಿಪ್ಪಾಗುತ್ತವೆ. ದೇಹ ಅದನ್ನು ನೋಡಿ ಗುರುತು ಇಟ್ಟುಕೊಳ್ಳುತ್ತದೆ. ಸೋಂಕು ತಗಲುವ ಮುಂಚೆಯೇ ಈ ಗುರುತು ಇರಬೇಕು. 9ರಿಂದ 14ರ ವಯಸ್ಸು ಎಂದು ಹೇಳುವುದು ಅದಕ್ಕೇ ಹೊರತು, ನಿಮ್ಮ ಮಗಳ ನಡತೆಯ ಬಗ್ಗೆ ಯಾರಿಗೋ ಅನುಮಾನ ಇರುವುದರಿಂದ ಅಲ್ಲ. ಕೈ ನೋವು, ಸಣ್ಣ ಜ್ವರ ಬರಬಹುದು. ಕೆಲವು ಮಕ್ಕಳು ಸೂಜಿಯ ಹೆದರಿಕೆಗೆ ತಲೆಸುತ್ತಿ ಬೀಳುತ್ತಾರೆ, ಹಾಗಾಗಿ ಕಾಲು ಗಂಟೆ ಕೂರಿಸುತ್ತಾರೆ.

ಭಾರತದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಎಂಬ ನಮ್ಮದೇ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. ಆದರೂ ಖಾಸಗಿಯಲ್ಲಿ ಹಾಕಿಸಲು ಸಾವಿರಗಟ್ಟಲೆ ಖರ್ಚು. 9ರಿಂದ 20ರ ವಯಸ್ಸಿನವರಿಗೆ ಒಂದೇ ಡೋಸ್ ಕೂಡ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು.

ಇಲ್ಲಿ ಮುಚ್ಚಿಡಬಾರದ ಒಂದು ವಿಷಯವಿದೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಪ್ರಾಯೋಗಿಕವಾಗಿ ಎಚ್‌ಪಿವಿ ಲಸಿಕೆ ಹಾಕುವಾಗ ಏಳು ಮಕ್ಕಳು ಸತ್ತರು, ಕೆಲಸ ನಿಂತಿತು. ತನಿಖೆಯಲ್ಲಿ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಹಾವು ಕಡಿತ, ನೀರಿಗೆ ಬಿದ್ದದ್ದು, ಕೀಟನಾಶಕ, ಹೀಗೆ ಕಾರಣಗಳು ಬೇರೆ ಇದ್ದವು. ಆದರೆ ಎಷ್ಟೋ ಕಡೆ ತಂದೆತಾಯಿ ಹಾಕಬೇಕಾದ ಸಹಿಯನ್ನು ಹಾಸ್ಟೆಲ್ ವಾರ್ಡನ್‌ಗಳು ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆ ಸುರಕ್ಷಿತ, ಕೇಳದೆ ಹಾಕಿದ್ದು ತಪ್ಪು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು.

ಅಕ್ಕನಿಗೆ ನಾನು ಹೇಳಿದ್ದಿಷ್ಟೇ. ತಾಲ್ಲೂಕು ಆಸ್ಪತ್ರೆಯಲ್ಲೋ ಮಕ್ಕಳ ಡಾಕ್ಟರ ಹತ್ತಿರವೋ ಹೋಗಿ, ಯಾವ ಲಸಿಕೆ, ಎಷ್ಟು ಡೋಸ್, ಸರ್ಕಾರದಿಂದ ಸಿಗುತ್ತದೆಯೇ ಎಂದು ಕೇಳು. ಮಗಳಿಗೂ ಯಾಕೆಂದು ಹೇಳು. ಹಾಕಿಸಿಕೊಂಡರೂ ಮೂವತ್ತು ದಾಟಿದ ಮೇಲೆ ತಪಾಸಣೆ ಬೇಕೇ ಬೇಕು, ಅದು ನಿನಗೂ ಅನ್ವಯ.

2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ಹೆನ್ರಿಯೆಟಾ ಅವರನ್ನು ಗೌರವಿಸಿತು. ತಾಯಿ ಸತ್ತಾಗ ಹದಿಹರೆಯದಲ್ಲಿದ್ದ ಹಿರಿಯ ಮಗ ಲಾರೆನ್ಸ್, ಎಂಬತ್ತು ದಾಟಿದ ಮೇಲೆ, ಆ ಗೌರವ ಸ್ವೀಕರಿಸಿದರು. ಡೆಬೊರಾ 2009ರಲ್ಲೇ ತೀರಿಕೊಂಡಿದ್ದರು. ಅದೇ ಸಂದರ್ಭದಲ್ಲಿ ಸಂಸ್ಥೆ ಕೊಟ್ಟ ಲೆಕ್ಕ ಹೀಗಿತ್ತು: 2020ರ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ 85%ಕ್ಕೂ ಹೆಚ್ಚು ದೇಶಗಳು ತಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಎಚ್‌ಪಿವಿ ಲಸಿಕೆ ಕೊಡುತ್ತಿದ್ದವು. ಬಡ ದೇಶಗಳಲ್ಲಿ ಕೊಡುತ್ತಿದ್ದವು 25%ಕ್ಕೂ ಕಡಿಮೆ.