ಬೆನ್ನುಮೂಳೆಗೆ ಕೈಯಿಂದ ಚಿಕಿತ್ಸೆ: ಡೇನಿಯಲ್ ಪಾಲ್ಮರ್

ಮಕ್ಕಳೇ, ಬೆನ್ನು ನೋವು ಬಂದರೆ ದೊಡ್ಡವರು ಮಾತ್ರೆ ನುಂಗುವುದನ್ನು ನೀವು ನೋಡಿರುತ್ತೀರಿ. ಔಷಧವಿಲ್ಲದೆ, ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ನೋವು ಕಡಿಮೆ ಮಾಡುವ ಒಂದು ಪದ್ಧತಿಯೂ ಇದೆ. ಅದರ ಹೆಸರು ಕೈರೋಪ್ರಾಕ್ಟಿಕ್. ಅದನ್ನು ಆರಂಭಿಸಿದವರು ಡೇನಿಯಲ್ ಡೇವಿಡ್ ಪಾಲ್ಮರ್.

ಪಾಲ್ಮರ್ 1845ರ ಮಾರ್ಚ್ 7ರಂದು ಕೆನಡಾ ದೇಶದಲ್ಲಿ ಜನಿಸಿದರು. 1865ರಲ್ಲಿ, ತಮ್ಮ 20ನೇ ವಯಸ್ಸಿನಲ್ಲಿ, ಸಹೋದರನೊಡನೆ ಅಮೆರಿಕಕ್ಕೆ ಹೋದರು. ಅಲ್ಲಿ ಶಾಲಾ ಶಿಕ್ಷಕರಾದರು, ಜೇನು ಸಾಕಿದರು, ದಿನಸಿ ಅಂಗಡಿಯನ್ನೂ ನಡೆಸಿದರು. ವೈದ್ಯಕೀಯ ಕಾಲೇಜಿನಲ್ಲಿ ಅವರು ಓದಿರಲಿಲ್ಲ. ಆದರೂ ರೋಗ ವಾಸಿಮಾಡುವ ವಿಷಯದಲ್ಲಿ ಅವರಿಗೆ ಬಹಳ ಆಸಕ್ತಿ. ಆ ಕಾಲದ ಅನೇಕ ಔಷಧಗಳಲ್ಲಿ ಪಾದರಸ, ಅಫೀಮಿನಂಥ ಅಪಾಯಕಾರಿ ವಸ್ತುಗಳು ಇರುತ್ತಿದ್ದವು. ಹಾಗಾಗಿ ಔಷಧವಿಲ್ಲದ ಚಿಕಿತ್ಸೆ ಎಂದರೆ ಜನರಿಗೂ ಇಷ್ಟವಾಗುತ್ತಿತ್ತು. ಪಾಲ್ಮರ್ ಅಯೋವಾ ರಾಜ್ಯದ ಡೇವನ್‌ಪೋರ್ಟ್ ನಗರದಲ್ಲಿ ರೋಗಿಗಳ ಮೈಮೇಲೆ ಕೈಯಾಡಿಸಿ ಚಿಕಿತ್ಸೆ ನೀಡತೊಡಗಿದರು.

ಅವರ ಚಿಕಿತ್ಸಾಲಯವಿದ್ದ ಕಟ್ಟಡವನ್ನು ಶುಚಿ ಮಾಡುತ್ತಿದ್ದವರು ಹಾರ್ವಿ ಲಿಲ್ಲಾರ್ಡ್. ಅವರಿಗೆ 17 ವರ್ಷಗಳಿಂದ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. 1895ರಲ್ಲಿ ಪಾಲ್ಮರ್ ಅವರ ಬೆನ್ನಿನಲ್ಲಿ ಒಂದು ಉಬ್ಬನ್ನು ಗಮನಿಸಿ, ಅದನ್ನು ಒತ್ತಿದರು. ಲಿಲ್ಲಾರ್ಡ್‌ಗೆ ಮತ್ತೆ ಕಿವಿ ಕೇಳಿಸಿತು ಎಂದು ಪಾಲ್ಮರ್ ಹೇಳಿಕೊಂಡರು. ಹೊಸ ಚಿಕಿತ್ಸೆ ಹುಟ್ಟಿದ್ದು ಹೀಗೆ. ಕೈಯಿಂದ ಮಾಡುವ ಕೆಲಸ ಎಂಬ ಅರ್ಥದ ಗ್ರೀಕ್ ಪದಗಳಿಂದ ಅದಕ್ಕೆ ಹೆಸರಿಟ್ಟರು. 1897ರಲ್ಲಿ ಡೇವನ್‌ಪೋರ್ಟ್‌ನಲ್ಲೇ ಅದನ್ನು ಕಲಿಸುವ ಶಾಲೆಯನ್ನೂ ತೆರೆದರು.

ಪಾಲ್ಮರ್ ಅಲ್ಲಿಗೇ ನಿಲ್ಲಲಿಲ್ಲ. ನೂರು ರೋಗಗಳಲ್ಲಿ 95ಕ್ಕೆ ಬೆನ್ನುಮೂಳೆಯ ಮಣಿಗಳು ಜರುಗಿ ನರಗಳಿಗೆ ತೊಂದರೆಯಾಗುವುದೇ ಕಾರಣ ಎಂದರು. ಇದು ನಿಜವೇ? ನಮ್ಮ ಬೆನ್ನುಮೂಳೆಯಲ್ಲಿ ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಚಲಿಸಬಲ್ಲ 24 ಮಣಿಗಳಿವೆ. ಅವುಗಳ ನಡುವಿನಿಂದ ಕೈಕಾಲು ಮತ್ತು ಮುಂಡದ ನರಗಳು ಹೊರಡುತ್ತವೆ. ಆದರೆ ಶ್ರವಣ ನರವು ಒಳಕಿವಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ. ಅದು ಬೆನ್ನುಮೂಳೆಯ ಮೂಲಕ ಹಾಯುವುದೇ ಇಲ್ಲ! ಅನೇಕ ರೋಗಗಳಿಗೆ ಸೂಕ್ಷ್ಮಜೀವಿಗಳು ಕಾರಣ ಎಂಬುದನ್ನು ಲೂಯಿ ಪಾಶ್ಚರ್ ಮತ್ತು ರಾಬರ್ಟ್ ಕಾಕ್ ಆ ಹೊತ್ತಿಗಾಗಲೇ ತೋರಿಸಿದ್ದರು. ಒಬ್ಬ ರೋಗಿಯ ಅನುಭವದಿಂದ ಬಹುತೇಕ ರೋಗಗಳಿಗೆ ಒಂದೇ ಕಾರಣ ಹೇಳಿದ್ದು ಪಾಲ್ಮರ್ ಅವರ ದೊಡ್ಡ ತಪ್ಪು.

ಪರವಾನಗಿ ಇಲ್ಲದೆ ಚಿಕಿತ್ಸೆ ನೀಡಿದ ಆರೋಪದ ಮೇಲೆ 1906ರಲ್ಲಿ ಅವರು ಕೆಲವು ದಿನ ಜೈಲಿನಲ್ಲಿದ್ದರು. ಮುಂದೆ ಅವರ ಮಗ ಬಿ.ಜೆ. ಪಾಲ್ಮರ್ ಶಾಲೆಯನ್ನು ಬೆಳೆಸಿದರು. 1913ರ ಅಕ್ಟೋಬರ್ 20ರಂದು ಡೇನಿಯಲ್ ಪಾಲ್ಮರ್ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಅವರ ಸಾವಿಗೆ ಕಾರಣವಾದ ವಿಷಮಶೀತ ಜ್ವರ ಬರುವುದು ಬ್ಯಾಕ್ಟೀರಿಯಾದಿಂದ.

ಹಾಗಾದರೆ ಅವರ ಪದ್ಧತಿಯಲ್ಲಿ ಹುರುಳೇ ಇಲ್ಲವೇ? ಇದನ್ನು ತಿಳಿಯಲು ವಿಜ್ಞಾನಿಗಳು ಅನೇಕ ರೋಗಿಗಳನ್ನು ಗುಂಪುಗಳಾಗಿ ಮಾಡಿ, ಬೇರೆ ಬೇರೆ ಚಿಕಿತ್ಸೆಗಳನ್ನು ಹೋಲಿಸಿ ನೋಡಿದರು. ಸೊಂಟ ನೋವಿರುವ ಕೆಲವರಿಗೆ ಬೆನ್ನುಮೂಳೆಯ ಚಿಕಿತ್ಸೆಯಿಂದ ಸ್ವಲ್ಪ ಮಟ್ಟಿಗೆ ಆರಾಮ ಸಿಗುತ್ತದೆ ಎಂದು ಕಂಡುಬಂತು. 2017ರಲ್ಲಿ ಅಮೆರಿಕದ ವೈದ್ಯರ ಸಂಘವೊಂದು, ಸೊಂಟ ನೋವಿಗೆ ಮೊದಲು ಔಷಧವಿಲ್ಲದ ಉಪಾಯಗಳನ್ನು ಬಳಸಿ ನೋಡಬಹುದು ಎಂದು ಸಲಹೆ ನೀಡಿತು. ವ್ಯಾಯಾಮ, ಬಿಸಿ ಶಾಖ, ಅಂಗಮರ್ದನಗಳ ಜೊತೆ ಈ ಚಿಕಿತ್ಸೆಯೂ ಆ ಪಟ್ಟಿಯಲ್ಲಿದೆ. ಆದರೆ ಇದರಿಂದ ಕಿವುಡುತನವಾಗಲಿ, ಸೋಂಕು ರೋಗಗಳಾಗಲಿ ಗುಣವಾಗುತ್ತವೆ ಎಂಬುದಕ್ಕೆ ಒಳ್ಳೆಯ ಪುರಾವೆ ಇಲ್ಲ.

ಒಂದು ಎಚ್ಚರಿಕೆ: ಕತ್ತನ್ನು ರಭಸದಿಂದ ತಿರುಗಿಸಿದರೆ, ಅಪರೂಪಕ್ಕೆ, ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾಗಬಹುದು. ಆದ್ದರಿಂದ ಗೆಳೆಯರ ಕತ್ತು ತಿರುಗಿಸಿ ನೆಟಿಗೆ ತೆಗೆಯುವ ಆಟ ಬೇಡ. ಬೆನ್ನು ನೋವು ಹೆಚ್ಚಾದರೆ ಅಥವಾ ಜೊತೆಗೆ ಜ್ವರ ಬಂದರೆ ಮನೆಯವರಿಗೆ ತಿಳಿಸಿ, ವೈದ್ಯರ ಬಳಿ ಹೋಗಿ.

ಯಾರಾದರೂ ಒಂದೇ ಚಿಕಿತ್ಸೆಯಿಂದ ಎಲ್ಲ ರೋಗವೂ ವಾಸಿಯಾಗುತ್ತದೆ ಎಂದರೆ ನೀವೇನು ಕೇಳಬೇಕು? ಎಷ್ಟು ಜನರ ಮೇಲೆ ಪರೀಕ್ಷಿಸಿದ್ದೀರಿ, ಯಾವುದರೊಂದಿಗೆ ಹೋಲಿಸಿದ್ದೀರಿ ಎಂದು ಕೇಳಿ. ಹೀಗೆ ಕೇಳುವುದೇ ವಿಜ್ಞಾನದ ಮೊದಲ ಹೆಜ್ಜೆ.